ಸೊಳ್ಳೆಗಳಿಗೆ ಟೇಲರ್ ಮಾವನೇ ಬೇಕು

ನೀವು ನಂಬೋದಿಲ್ಲ, ಆದರೂ ಹೇಳುತ್ತೇನೆ. ಆನೆಕೊಂಡದಲ್ಲಿ ನಮ್ಮ ಎದುರುಮನೆಯ ಟೇಲರ್ ಮಾವನನ್ನು ಕಚ್ಚಲು ನಂದಿಗುಡಿಯ ಗದ್ದೆಗಳಿಂದ ಸೊಳ್ಳೆಗಳು ಬಸ್ಸು ಹತ್ತಿ ಬರುತ್ತಿದ್ದವು. ಪಕ್ಕದಲ್ಲೇ ಕೂತ ನಮ್ಮನ್ನು ಮೂಸಿಯೂ ನೋಡುತ್ತಿರಲಿಲ್ಲ. ಹಾಗಾಗಿ ಟಿವಿಯಲ್ಲಿ ಕ್ರಿಕೆಟ್ ಇದ್ದ ಸಂಜೆ ಪ್ರತಿ ಮನೆಯವರೂ, "ಬರ್ರಿ ಮಾವ, ನಮ್ಮನೇಲಿ ಕೂಡ್ರಿ" ಎಂದು ಮಂಡಕ್ಕಿ ತೋರಿಸಿ ಅವರನ್ನು ಎಳೆಯುತ್ತಿದ್ದರು. ಮಾವ ಮೊಣಕಾಲು ಕೆರೆದುಕೊಳ್ಳುತ್ತ, "ಕುಡೀಲಿ ಬಿಡ್ರೋ, ಅವಕ್ಕೂ ಹೊಟ್ಟೆ ಐತೆ" ಎನ್ನುತ್ತಿದ್ದರು.

ಒಮ್ಮೆ ಮಾವನಿಗೆ ಮಲೇರಿಯಾ ಬಂತು. ಅದರ ಹಿಂದೆಯೇ ಬೀದಿಯಲ್ಲಿ ಇನ್ನಿಬ್ಬರಿಗೆ ನಡುಕ ಹತ್ತಿತು. ರಕ್ತ ಪರೀಕ್ಷೆಗೆ ಮಾವನ ಮನೆಗೆ ಬಂದ ಆರೋಗ್ಯ ಇಲಾಖೆಯವರು ನಮಗೆಲ್ಲ ಬೈದರು.

"ಇರೋ ಸೊಳ್ಳೆ ಎಲ್ಲಾ ಇವರನ್ನೇ ಕಚ್ಚಿ ರೋಗ ಹೊತ್ಕೊಂತಾವೆ. ಅದ್ರಾಗೆ ಒಂದೆರಡು ನಿಮ್ಮನ್ನ ಕಚ್ಚಿದ್ರೂ ಸಾಕು. ಮೊದ್ಲು ಇವರಿಗೊಂದು ಸೊಳ್ಳೆಪರದೆ ಕಟ್ರಿ."

ನೆರೆದಿದ್ದ ಬೀದಿಯವರೆಲ್ಲ ಸೂರು ನೋಡಿದರು. ಚಳಿಗೆ ಮಾವನ ಹಲ್ಲು ಅವರ ಹೊಲಿಗೆ ಮಷೀನಿನಂತೆ ಕಟಕಟ ಎನ್ನುತ್ತಿತ್ತು.

"ಪರದೆ ಕಟ್ಟಿದ್ರೆ ಪಾಪ, ಸೊಳ್ಳೆ ಉಪವಾಸ ಬೀಳ್ತಾವೆ" ಎಂದು ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಒಳಗೆ ಬಂದಳು. ಅವಳ ಕಂಕುಳಲ್ಲಿ ನನ್ನ ಮಂಚದ ಪರದೆಯಿತ್ತು.

"ಉಪವಾಸ ಯಾಕ ಬೀಳ್ತಾವೆ?" ಎಂದಳು. "ನೀನಿದ್ದೀಯಲ್ಲ."