ಹನ್ನೊಂದು ಗಣಕಗಳ ಬೈಂಡರಮ್ಮ

ಗ್ರಂಥಾಲಯದ ಮಹಡಿಯ ಗಣಕ ಕೋಣೆಯನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಬೈಂಡರಮ್ಮ ಎಂದೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷ ಕಿತ್ತುಹೋದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕಿದವರು. ಬೈಂಡಿಂಗ್ ಮೇಜನ್ನು ಎತ್ತಿಸಿದ ಮೇಲೆ, ಬೇರೆ ಯಾರೂ ಒಪ್ಪದ ಹನ್ನೊಂದು ಹಳೆಯ ಗಣಕಗಳನ್ನು ಅವರ ಕೊರಳಿಗೆ ಕಟ್ಟಲಾಯಿತು. ಅವರು ಕೈಪಿಡಿ ಓದಿ ಕಲಿತರು.

ಆ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಗ್ರಂಥಪಾಲಕರು ಒಂದು ಕಾಗದಕ್ಕೆ ಸಹಿ ಹಾಕುವವರಿದ್ದರು. ಹಾಕಿದರೆ ಹನ್ನೊಂದೂ ಗುಜರಿಗೆ, ಕೋಣೆಗೆ ಬೀಗ, ಬೈಂಡರಮ್ಮ ಊರಾಚೆಯ ಗೋದಾಮಿಗೆ. ಮೂರು ದಿನದಿಂದ ಒಂದು ಗಣಕವೂ ಅಪ್‌ಡೇಟ್ ಆಗಿರಲಿಲ್ಲ. ಅದಾಗದೆ ಹೊಸ ಪುಸ್ತಕಸೂಚಿ ತೆರೆಯುತ್ತಿರಲಿಲ್ಲ.

ಗಣಕದೊಳಗಿನ ಪ್ಯಾಕೇಜ್ ಮ್ಯಾನೇಜರ್ ಒಬ್ಬ ಉಗ್ರಾಣಿಯಿದ್ದಂತೆ. ಹೊರಗಿನಿಂದ ಬಂದ ತಂತ್ರಾಂಶದ ಕಟ್ಟುಗಳ ಮೊಹರು, ದಿನಾಂಕ ನೋಡಿ, ಸರಿಯಿದ್ದರಷ್ಟೇ ಒಳಗೆ ಬಿಡುತ್ತದೆ. ಇಲ್ಲಿ ಹನ್ನೊಂದಕ್ಕೂ ಸರಕು ಬರುವುದು ಮೂಲೆಯ ಸರ್ವರಿನಿಂದ. ಅದರ ಉಗ್ರಾಣಿ ಮುನಿಸಿಕೊಂಡಿತ್ತು.

ಗುತ್ತಿಗೆ ಕಂಪನಿಯ ಎಂಜಿನಿಯರ್ ಆ ಕಟ್ಟುಗಳ ಹಳೆಯ ಪಟ್ಟಿಗಳನ್ನು ಅಳಿಸಿದ್ದ, ಮೂಲದ ವಿಳಾಸ ಬದಲಿಸಿದ್ದ, ಕೊನೆಗೆ ಕೈಚೆಲ್ಲಿದ್ದ. ಬೈಂಡರಮ್ಮನ ನೋಟ್‌ಬುಕ್ ನೋಡಿ ಅವನಿಗೆ ನಗು. ಎಡಕ್ಕೆ ಗೋಡೆ ಗಡಿಯಾರದ ಹೊತ್ತು, ಬಲಕ್ಕೆ ಸರ್ವರ್ ತಾನೇ ದಾಖಲಿಸಿದ ದಿನಾಂಕ, ಕೆಳಗೆ ಮೊದಲ ಗಣಕದ ಪರದೆಯಲ್ಲಿ ಕಂಡ ಸರ್ವರಿನ ಸಾಲುಗಳು, ಒಂದೂ ಬಿಡದೆ.

"ಏನಮ್ಮಾ, ಪುರಾಣ ಬರೀತಿದೀರಾ? ಕೊನೇ ಸಾಲು ನೋಡಿ ಸಾಕು. ವಿಫಲ ಅಂತಿದೆ."

"ಹಾಳೆ ಉದುರೋದು ಕೊನೇಲಿ ಕಾಣುತ್ತೆ ಸಾರ್. ದಾರ ಕಡಿದಿರೋದು ಬೆನ್ನಲ್ಲಿ."

ಅಷ್ಟರಲ್ಲಿ ಅತ್ತೆಯ ಫೋನು. "ಮನೇಲಿ ಮಿಕ್ಸಿ ಕೆಟ್ರೆ ಗೊತ್ತಿಲ್ಲ ಅಂತೀಯ. ಅಲ್ಲಿ ಊರಿನ ಪೆಟ್ಟಿಗೆ ಎಲ್ಲಾ ರಿಪೇರಿ ಮಾಡ್ತೀಯಾ?"

"ಮಿಕ್ಸಿ ತನಗೇನಾಗಿದೆ ಅಂತ ಬಾಯಿ ಬಿಡಲ್ಲ ಅತ್ತೆ. ಇವು ಬಿಡ್ತವೆ."

ಫೋನಿಟ್ಟು ಮತ್ತೆ ಮೊದಲಿನಿಂದ ಓದಿದರು. ಮೂರನೆಯ ಸಾಲು: ಈ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ. ಅವಧಿ ಮುಗಿದಿದೆ ಎಂದಿದ್ದರೆ ಒಪ್ಪಬಹುದಿತ್ತು. ನಿನ್ನೆ ಬಂದ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎಂದರೇನು? ಬಲಗಡೆಯ ದಿನಾಂಕಗಳ ಮೇಲೆ ಬೆರಳಾಡಿಸಿದರು. ಇಸವಿ ನಾಲ್ಕು ವರ್ಷ ಹಿಂದಿನದು. ಅವರು ಕೈತಪ್ಪಿ ಬರೆದದ್ದಲ್ಲ, ಸರ್ವರೇ ಹಾಗೆ ದಾಖಲಿಸಿತ್ತು. ಸರ್ವರಿನ ಲೆಕ್ಕದಲ್ಲಿ ಅವರು ಇನ್ನೂ ಪುಸ್ತಕ ಹೊಲಿಯುತ್ತಿದ್ದರು.

"ಸಾರ್, ಇದಕ್ಕೆ ಇವತ್ತು ಯಾವ ದಿನ ಅಂತಾನೇ ಗೊತ್ತಿಲ್ಲ!"

ಸೋಮವಾರ ವೈರಿಂಗಿನವರು ಇಡೀ ದಿನ ಕರೆಂಟು ತೆಗೆದಿದ್ದರು. ಕರೆಂಟಿಲ್ಲದಾಗ ಸರ್ವರಿನ ಗಡಿಯಾರವನ್ನು ನಡೆಸುವ ಗುಂಡಿಯಷ್ಟು ಸೆಲ್ ಎಂದೋ ಸತ್ತಿತ್ತು. ಕರೆಂಟು ಬಂದಾಗ ಯಂತ್ರ ಹಳೆಯ ಕಾಲದಲ್ಲಿ ಕಣ್ಣು ಬಿಟ್ಟಿತು. ಅದಕ್ಕೆ ಸ್ವಂತ ಪರದೆಯಿಲ್ಲ, ಹಾಗಾಗಿ ಅದರ ಗಡಿಯಾರವನ್ನು ಯಾರೂ ಗಮನಿಸಿರಲಿಲ್ಲ. ಎದುರಿನ ಗಡಿಯಾರದಂಗಡಿಯಿಂದ ಹೊಸ ಸೆಲ್ ತಂದು ಹಾಕಿ, ಬೈಂಡರಮ್ಮ ದಿನಾಂಕ ತಿದ್ದಿದರು. ಆಜ್ಞೆ ಕೊಟ್ಟರು. ಸಾಲುಗಳು ಕಟ್ಟೆಯೊಡೆದ ನೀರಿನಂತೆ ಹರಿದವು. ಎಂಜಿನಿಯರ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

ಒಂದು, ಎರಡು, ಆರು. ಏಳನೆಯ ಗಣಕ ಮುಷ್ಕರ ಹೂಡಿತು. ಆಗ ಹನ್ನೆರಡಕ್ಕೆ ಹತ್ತು ನಿಮಿಷ. ಬೈಂಡರಮ್ಮ ಅದರ ಪರದೆಯನ್ನೂ ಮೊದಲ ಸಾಲಿನಿಂದ ಓದಿದರು.

"ಇದನ್ನ ಮಧ್ಯದಲ್ಲೇ ನಿಲ್ಲಿಸಿದ್ರಾ ಸಾರ್?"

ಅವನು ಕತ್ತು ಕೆರೆದುಕೊಂಡ. "ನಿನ್ನೆ... ಪೆನ್‌ಡ್ರೈವಿಂದ ಹಾಕ್ತಾ ಇದ್ದೆ. ಬೇಜಾರಾಗಿ ಸ್ವಿಚ್ ಆರಿಸಿದೆ."

"ಅರ್ಧ ಹೊಲಿದು ಬಿಟ್ಟಿದೀರಿ. ಮೊದಲು ಅದನ್ನ ಮುಗಿಸೋಣ."

ಅರ್ಧಕ್ಕೆ ನಿಂತದ್ದನ್ನು ಪೂರ್ತಿಮಾಡುವ ಆಜ್ಞೆ ಕೊಟ್ಟರು. ಏಳನೆಯದು ಗೊಣಗಿ, ಎದ್ದು ನಡೆಯಿತು. ಉಳಿದವು ಹಿಂದೆಯೇ ಬಂದವು.

ಹನ್ನೆರಡು ಹೊಡೆದಾಗ ಗ್ರಂಥಪಾಲಕರು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹನ್ನೊಂದು ಪರದೆಗಳಲ್ಲೂ ಪುಸ್ತಕಸೂಚಿ ತೆರೆದಿತ್ತು.

"ಯಾರು ಸರಿ ಮಾಡಿದ್ದು?"

ಎಂಜಿನಿಯರ್ ಎದ್ದು ನಿಂತ. "ಬೈಂಡರಮ್ಮನವರು ಸಾರ್. ನಾನು ಕುರ್ಚಿ ಎಳ್ಕೊಂಡು ನೋಡ್ತಾ ಇದ್ದೆ ಅಷ್ಟೆ."

ಗ್ರಂಥಪಾಲಕರು ಕಾಗದದ ಮೇಲೆ ಉದ್ದಕ್ಕೂ ಅಡ್ಡಗೆರೆ ಎಳೆದು, ಆ ಗೆರೆಯ ಕೆಳಗೆ ರದ್ದು ಎಂದು ಬರೆದು ಸಹಿ ಹಾಕಿದರು. "ಬಾಗಿಲು ಪೂರ್ತಿ ತೆಗೀರಿ, ಜನ ಕಾಯ್ತಿದಾರೆ."

ಬೈಂಡರಮ್ಮ ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದರು.