ಎರಡು ಹಲ್ಲು, ಒಂದು ಹಿಡಿ ಸಗಣಿ

ನಾನು ಚಿಕ್ಕವನಿದ್ದಾಗ ಹುಲಿಗೆ ಹೆದರುತ್ತಿರಲಿಲ್ಲ, ಯಾಕೆಂದರೆ ಹುಲಿಯನ್ನು ನಾನು ನೋಡಿಯೇ ಇರಲಿಲ್ಲ. ಕತ್ತಲೆಗೂ ಅಷ್ಟಾಗಿ ಹೆದರುತ್ತಿರಲಿಲ್ಲ, ಪಕ್ಕದಲ್ಲಿ ಅಕ್ಕ ಮಲಗಿರುತ್ತಿದ್ದಳು. ನಾನು ಹೆದರುತ್ತಿದ್ದುದು ಹಲ್ಲು ಕೀಳುವವರಿಗೆ ಮಾತ್ರ. ಎಷ್ಟು ಹೆದರುತ್ತಿದ್ದೆನೆಂದರೆ, ಒಲೆಯ ಮೇಲಿನ ಪಾತ್ರೆ ಇಳಿಸಲು ಅಮ್ಮ ಇಕ್ಕಳ ಕೈಗೆತ್ತಿಕೊಂಡರೂ ಸಾಕು, ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದೆ.

ನಮ್ಮ ಮನೆ ಭದ್ರಾವತಿಯಲ್ಲಿತ್ತು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಕೆಲಸ ಮಾಡುತ್ತಿದ್ದರು. ಕರಗಿದ ಕಬ್ಬಿಣದ ಕಿಡಿ ಹಾರಿ ಹಾರಿ ಅವರ ಮುಂಗೈ ತುಂಬ ಸಾಸಿವೆ ಕಾಳಿನಷ್ಟು ಕಲೆಗಳಿದ್ದವು. ಸಂಜೆ ಕಾರ್ಖಾನೆ ಕೂಗಿದ ಸ್ವಲ್ಪ ಹೊತ್ತಿಗೆ ಮನೆಗೆ ಬರುತ್ತಿದ್ದರು, ಅಂಗಿಯಿಂದ ಇದ್ದಿಲು ಮತ್ತು ಬೆವರಿನ ವಾಸನೆ ಬರುತ್ತಿತ್ತು. ಇಂಥ ಅಪ್ಪ ಯಾವುದಕ್ಕೂ ಹೆದರುವವರಲ್ಲ ಎಂದು ನಾನು ನಂಬಿದ್ದೆ. ಅಪ್ಪನಿಗೆ ನನ್ನ ಮೇಲೆ ಪ್ರೀತಿಯೂ ಬಹಳ. ಅಮ್ಮ ಕೋಡುಬಳೆ ಕರಿದ ದಿನ ತಮ್ಮ ಪಾಲಿನದನ್ನೂ "ಮಕ್ಕಳು ತಿನ್ಲಿ ಬಿಡೇ" ಎಂದು ನನ್ನ ತಟ್ಟೆಗೆ ಹಾಕಿಬಿಡುತ್ತಿದ್ದರು.

ಹಲ್ಲಿನ ಭಯ ನನಗೆ ಹತ್ತಿದ್ದು ಶಿವಮೊಗ್ಗದ ಸಂತೆಯಲ್ಲಿ. ಅಲ್ಲಿ ಒಬ್ಬ ನೆಲದ ಮೇಲೆ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ತಾನು ಕಿತ್ತ ಹಲ್ಲುಗಳನ್ನೆಲ್ಲ ಕಡಲೆಕಾಯಿಯ ಹಾಗೆ ರಾಶಿ ಹಾಕಿಕೊಂಡು ಕೂತಿರುತ್ತಿದ್ದ. "ನೋವಿಲ್ಲ, ನೋವಿಲ್ಲ" ಎಂದು ಅವನು ಕೂಗುತ್ತಿದ್ದ, ಅವನ ಮುಂದೆ ಕೂತವರು ಬೇರೆಯೇ ಕೂಗುತ್ತಿದ್ದರು. ಆದರೆ ನನ್ನನ್ನು ನಿಜವಾಗಿ ನಡುಗಿಸಿದ್ದು ಆ ಕೂಗಲ್ಲ, ಆ ರಾಶಿ. ನಮ್ಮಲ್ಲಿ ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಹೆಂಚಿನ ಮೇಲೆ ಎಸೆಯುತ್ತಿದ್ದರು. ಹಾಗೆ ಮಾಡಿದರೆ ಹೊಸ ಹಲ್ಲು ಬೇಗ ಹುಟ್ಟುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ಅಕ್ಕ ಅದಕ್ಕೆ ತನ್ನದೂ ಒಂದು ಮಾತು ಸೇರಿಸಿದ್ದಳು: "ಹಲ್ಲು ಬೇರೆಯೋರ ಹತ್ರ ಉಳ್ಕೊಂಡ್ರೆ ಮುಗೀತು ಕಣೋ, ಆ ಜಾಗ ಸಾಯೋ ತನಕ ಬೋಳು." ಸಂತೆಯ ಆ ರಾಶಿಯಲ್ಲಿದ್ದ ಹಲ್ಲುಗಳ ಒಡೆಯರೆಲ್ಲ ಪಾಪ, ಊರೂರಿನಲ್ಲಿ ಬೋಳು ಬಾಯಿ ಇಟ್ಟುಕೊಂಡು ತಿರುಗುತ್ತಿದ್ದಾರೆ ಎಂದುಕೊಂಡು ನಾನು ಮರುಗಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ ಬಲಗಡೆಯ ಒಂದು ದವಡೆ ಹಲ್ಲು ಹುಳುಕಾಯಿತು. ಜೋನಿಬೆಲ್ಲದ ಡಬ್ಬಿಗೆ ಕದ್ದು ಬೆರಳು ಅದ್ದಿದ ಫಲ ಅದು. ಯಾರಿಗೂ ಹೇಳಲಿಲ್ಲ. ಎಡಗಡೆಯಲ್ಲೇ ಅಗಿದೆ, ಅಡುಗೆಮನೆಯಿಂದ ಲವಂಗ ಕದ್ದು ಕಚ್ಚಿಕೊಂಡೆ. ಕೊನೆಗೆ ಸಿಕ್ಕಿಬಿದ್ದದ್ದು ಕೋಡುಬಳೆಯಿಂದಲೇ. ಅಂದು ನಾನಾಗಿ ನನ್ನ ಪಾಲನ್ನು ಅಕ್ಕನಿಗೆ ಕೊಟ್ಟೆ. ಅವಳು ತಿನ್ನಲಿಲ್ಲ, ನೇರ ಅಮ್ಮನ ಹತ್ತಿರ ಹೋಗಿ, "ಇವನಿಗೆ ಏನೋ ಆಗಿದೆ, ಕೋಡುಬಳೆ ಕೊಟ್ಟ" ಎಂದಳು. ಮರುದಿನ ಬೆಳಿಗ್ಗೆ ಕೆನ್ನೆ ಊದಿಕೊಂಡಿತ್ತು. ಇನ್ನು ಮುಚ್ಚಿಡುವಂತಿರಲಿಲ್ಲ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆಗ ಹಲ್ಲಿನ ಡಾಕ್ಟರೊಬ್ಬರಿದ್ದರು. ಅಪ್ಪ ಒಂದು ದಿನ ರಜೆ ಹಾಕಿದರು. ನಾನು ಕಂಬ ಹಿಡಿದುಕೊಂಡು ಅತ್ತೆ, ಹೊಟ್ಟೆನೋವೆಂದೆ, ಶಾಲೆಗೆ ಹೋಗುತ್ತೇನೆಂದೆ. ಶಾಲೆಗೆ ಹೋಗುತ್ತೇನೆ ಎಂದು ನಾನು ಹಟ ಮಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಯಾವುದೂ ನಡೆಯದಿದ್ದಾಗ, ಮುಖ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಹಸು ಆಗ ತಾನೇ ಹಾಕಿದ್ದ ಸಗಣಿಯಲ್ಲಿ ಒಂದು ಹಿಡಿ ತೆಗೆದು, ಬಾಳೆ ಎಲೆಯಲ್ಲಿ ಕಟ್ಟಿ, ಚಡ್ಡಿಯ ಜೇಬಿಗೆ ತುರುಕಿಕೊಂಡೆ. ಡಾಕ್ಟರು ಹಲ್ಲು ಕಿತ್ತ ತಕ್ಷಣ ಕೈಯಿಂದ ಕಸಿದುಕೊಂಡು ಸಗಣಿಯೊಳಗೆ ಹೂತುಬಿಡಬೇಕು, ಆಮೇಲೆ ಯಾರೂ ಅದನ್ನು ಕೇಳಲಾರರು ಎಂಬುದು ನನ್ನ ಲೆಕ್ಕಾಚಾರ.

ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೇರೆ ದಿನವಾಗಿದ್ದರೆ ನಾನು ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳುವವರೆಗೂ ತಲೆ ಹೊರಗೆ ಹಾಕಿಯೇ ಕೂರುತ್ತಿದ್ದೆ. ಅಂದು ಜೇಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ. ಬಿಸಿಲೇರಿದ ಹಾಗೆ ಜೇಬು ತನ್ನ ಗುಟ್ಟು ಬಿಡತೊಡಗಿತು. ಎದುರಿಗಿದ್ದವರು ತಮ್ಮ ಚಪ್ಪಲಿಯ ತಳವನ್ನು ಎರಡು ಸಲ ತಿರುಗಿಸಿ ನೋಡಿಕೊಂಡರು. ಅಪ್ಪ ಏನೂ ಗಮನಿಸಲಿಲ್ಲ. ಅವರೂ ಅಂದು ಯಾಕೋ ಮಾತಾಡದೆ ಕೂತಿದ್ದರು.

ಡಾಕ್ಟರ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಡುವೆ ತಲೆ ಒರಗಿಸಲು ದಿಂಬಿದ್ದ ಒಂದು ಎತ್ತರದ ಕುರ್ಚಿ, ಪಕ್ಕದಲ್ಲಿ ಬಿಳಿಯ ಬೋಗುಣಿ, ಹೊಲಿಗೆ ಮಿಷನ್ನಿನ ಹಾಗೆ ಕಾಲಿನಿಂದ ತುಳಿದು ತಿರುಗಿಸುವ ಒಂದು ಯಂತ್ರ. ತಟ್ಟೆಯಲ್ಲಿ ಇಕ್ಕಳಗಳು ಸಾಲಾಗಿ ಮಲಗಿದ್ದವು. ನಾನು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಲು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

"ಬರೀ ಕುರ್ಚಿ ಮಾರಾಯ ಇದು. ನೋಡು, ನಾನು ಕೂರ್ತೀನಿ," ಎಂದು ಅಪ್ಪ ತಾವೇ ಹತ್ತಿ ಕೂತರು.

ಡಾಕ್ಟರು ನಕ್ಕು, "ಕೂತಾಯ್ತಲ್ಲ, ಹಾಗೇ ಬಾಯೂ ತೆಗೀರಿ, ಹುಡುಗನಿಗೆ ಧೈರ್ಯ ಬರತ್ತೆ" ಎಂದು ಪುಟ್ಟ ಕನ್ನಡಿಯೊಂದನ್ನು ಅಪ್ಪನ ಬಾಯೊಳಗಿಟ್ಟರು. ನೋಡಿದರು, ಇನ್ನೂ ಬಗ್ಗಿ ನೋಡಿದರು, ನಗು ನಿಲ್ಲಿಸಿದರು. ಏನನ್ನೋ ಮೆಲ್ಲಗೆ ತಟ್ಟಿದರು. ಅಪ್ಪ "ಅಯ್ಯಯ್ಯೋ!" ಎಂದರು.

"ಎಷ್ಟು ದಿನದಿಂದ ನೋವು ಯಜಮಾನ್ರೇ?"

"ನೋವೇನಿಲ್ಲ... ಒಂದು ವರ್ಷದಿಂದ ಆಗಾಗ..."

"ಇದು ಉಳಿಯೋ ಹಲ್ಲಲ್ಲ. ಇವತ್ತೇ ತೆಗ್ದುಬಿಡೋಣ."

"ಇವತ್ತು ಹುಡುಗಂದು ಆಗ್ಲಿ ಡಾಕ್ಟ್ರೇ. ನಂದು ಮುಂದೆ ಯಾವಾಗಾದ್ರೂ ನೋಡೋಣ," ಎನ್ನುತ್ತ ಅಪ್ಪ ಇಳಿಯಲು ಹೊರಟರು. ಅವರ ಹಣೆಯ ಮೇಲೆ ಬೆವರು ಬಂದಿತ್ತು. ಸಾಸಿವೆ ಕಲೆಗಳ ಆ ಕೈಗಳು ಕುರ್ಚಿಯ ತೋಳನ್ನು ಹಿಡಿದಿದ್ದ ರೀತಿ, ನಾನು ಬಾಗಿಲು ಹಿಡಿದಿದ್ದ ರೀತಿಯೇ ಆಗಿತ್ತು. ಆಗ ನನಗೆ ಕೋಡುಬಳೆಯ ವಿಷಯ ಹೊಳೆಯಿತು. ಅಪ್ಪನೂ ನನ್ನ ಹಾಗೇ ಒಂದೇ ಕಡೆ ಅಗಿಯುತ್ತಿದ್ದರು, ಅದನ್ನು ಒಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ನನಗೆ ಅಪ್ಪನ ಮೇಲೆ ಎಷ್ಟು ಕನಿಕರ ಹುಟ್ಟಿತೆಂದರೆ, ಬಾಗಿಲು ಬಿಟ್ಟು ಬಂದದ್ದೇ ನನಗೆ ತಿಳಿಯಲಿಲ್ಲ. ಜೇಬಿನಿಂದ ಎಲೆಯ ಪೊಟ್ಟಣ ತೆಗೆದು ಅವರ ಮುಂದೆ ಹಿಡಿದೆ.

"ಅಪ್ಪ, ಹೆದರಬೇಡಿ. ನಾನು ಸಗಣಿ ತಂದಿದ್ದೀನಿ. ಇಬ್ಬರಿಗೂ ಆಗತ್ತೆ."

ಡಾಕ್ಟರು ಪೊಟ್ಟಣ ನೋಡಿದರು, ಅಪ್ಪನ ಮುಖ ನೋಡಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೊದಲು ನಾಚಿ ಕೆಂಪಾದ ಅಪ್ಪನೂ ನಗತೊಡಗಿದರು. ನಗುತ್ತಲೇ ಹಿಂದಕ್ಕೆ ಒರಗಿ, "ಆಯ್ತು, ತೆಗೀರಿ ಡಾಕ್ಟ್ರೇ" ಎಂದರು.

"ಅದನ್ನ ಮಾತ್ರ ಹೊರಗೆ ಕಟ್ಟೆ ಮೇಲಿಟ್ಟು, ಕೈ ತೊಳ್ಕೊಂಡು ಬಾರಪ್ಪ," ಎಂದರು ಡಾಕ್ಟರು ನನಗೆ. "ಹಲ್ಲನ್ನ ನಾನು ಇಟ್ಕೊಳಲ್ಲ. ಕಾಗದದಲ್ಲಿ ಕಟ್ಟಿ ನಿಮ್ಮ ಕೈಗೇ ಕೊಡ್ತೀನಿ."

ಆ ಒಂದು ಮಾತಿಗೆ ನನ್ನ ಅರ್ಧ ಭಯ ಇಳಿದುಹೋಯಿತು. ಒಸಡಿಗೆ ಸೂಜಿ ಚುಚ್ಚಿ ಮರಗಟ್ಟಿಸಿ ಅಪ್ಪನ ಹಲ್ಲು ಕಿತ್ತರು. ಅಷ್ಟು ಹೊತ್ತೂ ನಾನು ಅಪ್ಪನ ಹೆಬ್ಬೆರಳು ಹಿಡಿದು ನಿಂತಿದ್ದೆ. ಆಮೇಲೆ ನಾನು ಹತ್ತಿ ಕೂತೆ. ಅಪ್ಪ ಬಾಯಲ್ಲಿ ಹತ್ತಿ ಕಚ್ಚಿಕೊಂಡು ನನ್ನ ಹೆಬ್ಬೆರಳು ಹಿಡಿದುಕೊಂಡರು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಪಟ್ಟ ಹೆದರಿಕೆಗೆ ಹೋಲಿಸಿದರೆ ಆ ನೋವು ಏನೇನೂ ಅಲ್ಲ.

ಮರಳಿ ಬರುವಾಗ ರೈಲಿನಲ್ಲಿ ಇಬ್ಬರಿಗೂ ಮಾತಾಡಲು ಬರುತ್ತಿರಲಿಲ್ಲ. ಒಬ್ಬರ ಊದಿದ ಮುಖ ನೋಡಿ ಇನ್ನೊಬ್ಬರು ನಗುವುದು, ನಕ್ಕು ನೋವಾಗಿ ಕೆನ್ನೆ ಹಿಡಿದುಕೊಳ್ಳುವುದು, ಇಷ್ಟೇ ಆಯಿತು. ಅಷ್ಟು ಸುಖವಾದ ಪ್ರಯಾಣ ಆಮೇಲೂ ನಾನು ಹೆಚ್ಚು ಮಾಡಿಲ್ಲ.

ಮನೆಯಲ್ಲಿ ಅಕ್ಕ, ಕಟ್ಟೆಯಿಂದ ನಾನು ಮರಳಿ ತಂದಿದ್ದ ಸಗಣಿಗೆ ನೀರು ಚಿಮುಕಿಸಿ ಎರಡು ಉಂಡೆ ಮಾಡಿದಳು. ಒಂದು ಸ್ವಲ್ಪ ದೊಡ್ಡದಾಯಿತು, ಇನ್ನೊಂದು ಚಿಕ್ಕದು. ನಾನು ಥಟ್ಟನೆ ದೊಡ್ಡದನ್ನು ತೆಗೆದುಕೊಂಡು ಹಲ್ಲು ಸೇರಿಸಿ ಹೆಂಚಿನ ಮೇಲೆಸೆದೆ. ಅಪ್ಪ ಅಕ್ಕಪಕ್ಕದ ಮನೆಯವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿ, ತಮ್ಮದನ್ನೂ ಎಸೆದರು.

ಕೆಲವು ತಿಂಗಳಿಗೆ ನನಗೆ ಹೊಸ ಹಲ್ಲು ಬಂತು. ಅಪ್ಪನಿಗೆ ಬರಲಿಲ್ಲ. ಪ್ರತಿ ಭಾನುವಾರ ಅವರ ಬಾಯಿ ತೆಗೆಸಿ ನೋಡುತ್ತಿದ್ದೆ, ಅವರೂ ಬೇಸರವಿಲ್ಲದೆ ತೆಗೆಯುತ್ತಿದ್ದರು. ಕೊನೆಗೊಂದು ದಿನ ತಡೆಯಲಾರದೆ ಅತ್ತುಬಿಟ್ಟೆ. "ದೊಡ್ಡ ಉಂಡೆ ನಾನು ತಗೊಂಡ್ನಲ್ಲ ಅಪ್ಪ, ಅದಕ್ಕೇ ನಿಮಗೆ ಬರ್ಲಿಲ್ಲ" ಎಂದೆ. ಅಪ್ಪ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, "ನಿಂಗೆ ಬಂತಲ್ಲ, ಬಿಡು" ಎಂದರು.

ಮಕ್ಕಳೇ, ನೀವು ಹೋಗುವ ಹಲ್ಲಿನ ಆಸ್ಪತ್ರೆ ನನಗೂ ಗೊತ್ತು. ಅದೇ ದುರ್ಗಿಗುಡಿಯಲ್ಲಿದೆ. ತಣ್ಣನೆಯ ಗಾಳಿ ಬರುತ್ತದೆ, ಕುರ್ಚಿ ತಾನೇ ಮಲಗುತ್ತದೆ, ಎದುರಿನ ಟೀವಿಯಲ್ಲಿ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತಿರುತ್ತದೆ. ಕಿತ್ತ ಹಲ್ಲನ್ನು ಹಲ್ಲಿನದೇ ಆಕಾರದ ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ನಮ್ಮ ಮನೆಗಳಿಗೆ ಈಗ ಹೆಂಚಿಲ್ಲ, ಹಿತ್ತಲಿಲ್ಲ, ಪಕ್ಕದ ಮನೆಯಲ್ಲಿ ಹಸುವೂ ಇಲ್ಲ. ಆದರೂ ಕಳೆದ ತಿಂಗಳು ನನ್ನ ಕೊನೆಯ ದವಡೆ ಹಲ್ಲು ಕೀಳಿಸಬೇಕಾದಾಗ, ಇಷ್ಟು ವಯಸ್ಸಾದ ನಾನು ಮತ್ತೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೆ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಅದನ್ನು ನೋಡಿ, ನನಗಿಂತ ಮೊದಲು ಆ ಕುರ್ಚಿ ಹತ್ತಿ ಕೂತು ತೋರಿಸಿದಳು.

ಮನೆಗೆ ಬಂದ ಮೇಲೆ ಅವಳು ತನ್ನ ಬಿದ್ದ ಹಲ್ಲಿನ ಡಬ್ಬಿಯನ್ನೂ ತಂದಳು. ಹೂಕುಂಡಕ್ಕೆಂದು ತಂದಿಟ್ಟಿದ್ದ ಚೀಲದಿಂದ ಸಗಣಿ ಗೊಬ್ಬರ ತೆಗೆದು, ನೀರು ಹಾಕಿ ಕಲೆಸಿ, ಎರಡು ಉಂಡೆ ಮಾಡಿದಳು. ಅಳೆದು ನೋಡಿ ಒಂದನ್ನು ನನ್ನ ಕೈಗಿಟ್ಟಳು.

"ದೊಡ್ಡದು ನಿನಗೇ ಅಜ್ಜ."

ಇಬ್ಬರೂ ತಾರಸಿಯ ಮೇಲೆ ಎಸೆದೆವು. ಅಂದಿನಿಂದ ಭಾನುವಾರ ಬಂತೆಂದರೆ ಅವಳು ನನ್ನ ಮುಂದೆ ಬಂದು ನಿಲ್ಲುತ್ತಾಳೆ, ನಾನು ಬಾಯಿ ತೆಗೆಯುತ್ತೇನೆ.