ಚಿಕ್ಕಪ್ಪನ ಕೈ ಮತ್ತು ಪೊಲೀಸರ ವರದಿ

ಚಿಕ್ಕಪ್ಪನ ಬಲಗೈ ಮೊಣಕೈ ಮುರಿದಾಗ ನಾನು ಶಿಕಾರಿಪುರದಲ್ಲಿ ಮೇಷ್ಟ್ರಾಗಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮೂರು ಸೊರಬದ ಕಡೆ. ಚಿಕ್ಕಪ್ಪ, ಚಿಕ್ಕಮ್ಮ ಗಾಡಿಯಲ್ಲಿ ಭತ್ತ ಹೇರಿಕೊಂಡು ಆನವಟ್ಟಿ ಸಂತೆಗೆ ಹೋಗಿದ್ದರು. ಯಾರೋ ದೊಡ್ಡವರ ಕಾರು ಬರುವುದಿತ್ತಂತೆ. ರಸ್ತೆಯಿಂದ ಗಾಡಿ ತೆಗೆಯಿರೆಂದು ಪೊಲೀಸರು ಕೂಗಿದರು. ಗಾಲಿಗೆ ಕಟ್ಟಿದ್ದ ಎತ್ತು ಬಿಚ್ಚಲು ಚಿಕ್ಕಪ್ಪ ಬಗ್ಗಿದ. ಅಷ್ಟರಲ್ಲಿ ಲಾಠಿ ಬಿತ್ತು.

ಪೊಲೀಸರು ಬಲಪ್ರಯೋಗ ಮಾಡಿದರೆ ತಾಲ್ಲೂಕಿನ ಅಮಲ್ದಾರರಿಗೆ ವರದಿ ಕೊಡಬೇಕೆಂದು ಸರ್ಕಾರದ ನಿಯಮವಿದೆ ಎಂದು ಪರಿಚಯದ ವಕೀಲರೊಬ್ಬರು ಹೇಳಿದರು. ಅದನ್ನೇ ನಂಬಿ ನಾವು ಮೂವರೂ ಅಮಲ್ದಾರರ ಮುಂದೆ ಹೋಗಿ ನಿಂತೆವು. ಅವರು ಸಬ್‌ಇನ್ಸ್‌ಪೆಕ್ಟರರನ್ನು ಕರೆಸಿದರು.

"ವರದಿ ಯಾಕ್ರೀ ಬಂದಿಲ್ಲ?"

"ಬಲಪ್ರಯೋಗ ಆಗೇ ಇಲ್ಲ ಸಾರ್. ಲಾಠಿ ಬರೀ ತೋರಿಸಿದ್ವಿ. ಎತ್ತು ಬೆದರಿ ಈತನೇ ಬಿದ್ದ."

ಚಿಕ್ಕಮ್ಮ ಮುಂದೆ ಬಂದಳು. "ಎತ್ತು ಕಟ್ಟಿದಂಗೇ ಇದ್ವು ಸ್ವಾಮಿ. ನಾನು ಪಕ್ಕದಾಗೇ ಇದ್ದೆ. ಇವ್ರು ಕೈ ಅಡ್ಡ ಹಿಡಿದ್ರು. ಇಲ್ದಿದ್ರೆ ತಲೀಗೇ ಬೀಳ್ತಿತ್ತು."

ವರದಿ ಬರೆದು ಕಳಿಸಿ ಎಂದು ಅಮಲ್ದಾರರು ಹುಕುಂ ಮಾಡಿದರು. ಗೆದ್ದೆವೆಂದುಕೊಂಡು ಬಸ್ಸು ಹತ್ತಿದೆವು.

ವರದಿ ಬಂದಾಗ ಅಮಲ್ದಾರರೇ ನಮಗೆ ಓದಿ ಹೇಳಿದರು. ಮೊದಲು ತಾನಾಗಿ ಬಿದ್ದಿದ್ದ ಚಿಕ್ಕಪ್ಪ ಈಗ ಸಂತೆಯ ಜನರನ್ನು ಎತ್ತಿಕಟ್ಟಿ, ಪೊಲೀಸರ ಮೇಲೆ ಬಾರುಕೋಲು ಎತ್ತಿದ್ದ. ಆದ್ದರಿಂದ ಅಗತ್ಯವಿದ್ದಷ್ಟೇ ಬಲ ಬಳಸಲಾಗಿತ್ತು.

"ಪೆಟ್ಟು ತಿಂದವರನ್ನ ಯಾರೂ ಕೇಳಲಿಲ್ಲವಲ್ಲ ಸ್ವಾಮಿ," ಎಂದೆ.

"ಕೇಳಬೇಕು ಅಂತ ನಿಯಮದಲ್ಲಿಲ್ಲ ಮೇಷ್ಟ್ರೇ. ವರದಿ ಕೊಡಬೇಕು ಅಂತಿತ್ತು, ಕೊಟ್ಟಿದಾರೆ. ಇನ್ನೂ ಎಳೆದ್ರೆ ನಿಮ್ಮವರ ಮೇಲೇ ಕೇಸಾಗ್ತದೆ."

ಹೊಡೆದವನೇ ಬರೆಯಬೇಕು, ಬರೆದದ್ದನ್ನು ಮೇಲಿನವರು ನಂಬಬೇಕು. ಇದನ್ನು ನಿಯಮವೆನ್ನಲು ನನಗೆ ಈಗಲೂ ನಾಲಗೆ ಹೊರಳುವುದಿಲ್ಲ.

ಆಗ ಚಿಕ್ಕಪ್ಪ ಬಾಯಿ ತೆರೆದ. "ಕೈ ಹೋದ್ರೆ ಹೋಗ್ಲಿ ಬುದ್ಧಿ. ನಾನು ಬಾರುಕೋಲು ಎತ್ತಿದೆ ಅಂತ ಬರೆದಾರಲ್ಲ, ಅದೊಂದು ಹೊಡೆದು ಹಾಕ್ಸಿ. ನಾನು ಎತ್ತಿಲ್ಲ."

ಅಮಲ್ದಾರರು ಆ ವರದಿ ಬದಿಗಿಟ್ಟು ಬೇರೆ ಕಾಗದ ನೋಡತೊಡಗಿದರು. ಮೇಲಿನವರಿಗೆ ನಾನು ಅರ್ಜಿಯ ಮೇಲೆ ಅರ್ಜಿ ಬರೆದೆ. ಉತ್ತರವೇ ಬರಲಿಲ್ಲ.

ಕೈ ಕೊನೆಗೂ ಮಡಚಲು ಬರಲಿಲ್ಲ. ಮುಂದಿನ ಮಳೆಗಾಲ ನೇಗಿಲು ಹಿಡಿದವಳು ಚಿಕ್ಕಮ್ಮ. ಊರವರು ಆಡಿಕೊಂಡರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಪ್ಪ ಮಾತ್ರ, ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ಉಣ್ಣಲಾರದೆ, ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟ.